ಚೀಟಿಯಲ್ಲಿ ಪಂಕ್ತಿಭೇದ

ಲ್ಯಾಬ್ ಅಟೆಂಡರ್ ಕೆಲಸ ಎಂದರೆ ಗಾಜು ಒರೆಸುವುದು, ಬೀಗದ ಕೈ ಕಾಯುವುದು, ಬೆಲ್ ಹೊಡೆದ ಮೇಲೆ ಫ್ಯಾನ್ ಆರಿಸುವುದು ಎಂದುಕೊಂಡು ಬರುತ್ತೀರಿ. ನಾನೂ ಹಾಗೇ ಬಂದೆ. ತುಮಕೂರಿನ ಒಂದು ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಎಪ್ಪತ್ತರ ದಶಕದ ನಡುವೆ ಸೇರಿ, ಎಂಬತ್ತರ ದಶಕ ಮುಗಿಯುವಾಗ ಬಿಟ್ಟೆ. ಯಾವಾಗ ಖಾಯಂ ಆದೆ, ಯಾವಾಗ ಬಡ್ತಿ ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಸರ್ವಿಸ್ ಬುಕ್ಕಿನಲ್ಲಿದೆ. ಅದರಲ್ಲಿ ಇಲ್ಲದ್ದನ್ನು ಬರೆಯುತ್ತೇನೆ. ಓದಿ, ನನ್ನ ತಪ್ಪನ್ನು ನೀವು ಮಾಡಬೇಡಿ. ನಿಮ್ಮದೇ ಬೇರೆ ತಪ್ಪು ಮಾಡುತ್ತೀರಿ, ಅದೂ ನನಗೆ ಗೊತ್ತು.

ನನ್ನೂರು ಗುಬ್ಬಿ. ಓದಿದ್ದು ನಾಲ್ಕನೇ ಕ್ಲಾಸು. ಅವ್ವ ಊರಿನ ಮಠದ ಅಡುಗೆಮನೆಯಲ್ಲಿದ್ದಳು. ನಾನು ಲಂಗ ಉಡುವ ವಯಸ್ಸಿನಿಂದ ಅಲ್ಲಿ ಪಂಕ್ತಿಗೆ ಬಡಿಸುತ್ತಿದ್ದೆ. ಅವ್ವ ಕಲಿಸಿದ್ದು ಒಂದೇ. ಸಾಲಿನಲ್ಲಿ ಕೂತ ಯಾರ ಎಲೆಯನ್ನೂ ದಾಟಿ ಹೋಗಬಾರದು, ಒಬ್ಬರಿಗೆ ಎರಡು ಸಲ ಹಾಕಿ ಇನ್ನೊಬ್ಬರಿಗೆ ಇಲ್ಲ ಎನ್ನಬಾರದು. ಹಾಗೆ ಮಾಡಿದರೆ ಅದಕ್ಕೆ ಪಂಕ್ತಿಭೇದ ಎನ್ನುತ್ತಾರೆ. ಒಂದು ಸಲ ಸಾರಿನ ಬಕೆಟ್ಟು ಹಿಡಿದು ಯಾರ ಜೊತೆಗೋ ಮಾತಾಡುತ್ತ ಒಬ್ಬ ಮುದುಕಿಯ ಎಲೆ ದಾಟಿ ಹೋದೆ. ಆಕೆ ಕೇಳಲಿಲ್ಲ. ಬರೀ ಅನ್ನ ಉಂಡು ಎದ್ದು ಹೋದಳು. ಅವ್ವ ನನ್ನನ್ನು ಬೈಯಲಿಲ್ಲ, ಹೊಡೆಯಲೂ ಇಲ್ಲ. ಅವತ್ತು ನನ್ನ ಎಲೆಗೆ ಸಾರು ಹಾಕಲಿಲ್ಲ, ಅಷ್ಟೆ. ಆ ಒಣ ಅನ್ನ ಗಂಟಲಲ್ಲಿ ಇಳಿದದ್ದು ಇವತ್ತಿಗೂ ನೆನಪಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ನಿಮಗೆ ಸುಲಭವಾಗಿ ತಿಳಿಯುತ್ತದೆ.

ನನ್ನ ಗಂಡ ಅದೇ ಕಾಲೇಜಿನ ತೋಟ ನೋಡಿಕೊಳ್ಳುತ್ತಿದ್ದ. ಅವನು ತೀರಿಕೊಂಡ ಮೇಲೆ ನನ್ನನ್ನು ಟೆಂಪೊರರಿ ಎಂದು ಲ್ಯಾಬಿಗೆ ಹಾಕಿದರು. ವಿಭಾಗದ ಮುಖ್ಯಸ್ಥರು ರಾಯರು. ಅವರು ಬಾಗಿಲು ತೆಗೆದ ಸದ್ದಿನಲ್ಲೇ ಅವತ್ತು ಸಿಟ್ಟಿದೆಯೋ ಇಲ್ಲವೋ ತಿಳಿಯುತ್ತಿತ್ತು. ಸೇರಿದ ವಾರವೇ ನಾನು ಒಂದು ಅನಾಹುತ ಮಾಡಿದೆ. ಬೀರುವಿನಲ್ಲಿ ಒಂದು ಕನ್ನಡಿ ಮಂಕಾಗಿ ಕಂಡಿತು. ಬಾಗಿಲಿಗೆ ಹಾಕುವ ಕನ್ನಡಿಯಲ್ಲಿ ಬೆಳ್ಳಿ ಹಿಂದೆ ಇರುತ್ತದೆ, ಲ್ಯಾಬಿನ ಕನ್ನಡಿಯಲ್ಲಿ ಮುಂದೆಯೇ ಇರುತ್ತದೆ ಎಂದು ನನಗೆ ಯಾರು ಹೇಳಬೇಕು? ಮನೆಯಿಂದ ಹುಣಸೆಹಣ್ಣು, ಬೂದಿ ತಂದು ತಿಕ್ಕಿದೆ. ಬೆಳ್ಳಿಯೆಲ್ಲ ಕೈಗೆ ಬಂತು, ಗಾಜು ಉಳಿಯಿತು. ರಾಯರು ಅದನ್ನು ಬೆಳಕಿಗೆ ಹಿಡಿದು, ಆಚೆ ಬದಿಯಿಂದ ನನ್ನ ಮುಖ ನೋಡಿದರು.

“ಏನಮ್ಮಾ, ಇದು ನಿಮ್ಮನೆ ಹಿತ್ತಾಳೆ ಚೊಂಬಾ? ಇನ್ನೊಂದು ಸಲ ಹಿಂಗಾದ್ರೆ ಗುಬ್ಬಿ ಬಸ್ಸು ಹತ್ತಿಸ್ತೀನಿ ನೋಡು” ಎಂದರು.

ಆಮೇಲೆ ಅದೇ ಮಾತಾಯಿತು. ಒಂದು ಬೀಕರು ಒಡೆದರೂ, ಒಂದು ತಂತಿ ಕಾಣೆಯಾದರೂ, ಗುಬ್ಬಿಗೆ ಬಸ್ಸು ಎಷ್ಟೊತ್ತಿಗಮ್ಮಾ ಎಂದು ಕೇಳುತ್ತಿದ್ದರು. ತಮಾಷೆಗೆ ಕೇಳುತ್ತಾರೋ ನಿಜಕ್ಕೋ ಎಂದು ನನಗೆ ಬಹಳ ವರ್ಷ ಗೊತ್ತಾಗಲಿಲ್ಲ. ಮನೆಯಲ್ಲಿ ಎರಡು ಹೆಣ್ಣುಮಕ್ಕಳಿದ್ದರು. ನಿಜಕ್ಕೇ ಎಂದುಕೊಂಡು ಕೆಲಸ ಮಾಡಿದೆ.

ಬಸವರಾಜಯ್ಯ ಮೇಷ್ಟ್ರು ಬಂದದ್ದು ಎಂಬತ್ತರ ದಶಕ ಶುರುವಾದ ಮೇಲೆ. ಕುಣಿಗಲ್ಲಿನವರು, ದಿನವೂ ಬಸ್ಸಿನಲ್ಲಿ ಓಡಾಡುವವರು. ತೆಳ್ಳಗಿನ ಆಳು, ಅಂಗಿಯ ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ. ಅಟೆಂಡರನ್ನು ನೀವು ಎಂದು ಕರೆದ ಮೊದಲ ಮೇಷ್ಟ್ರು ಅವರೇ. ಪಾಠದ ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದರು. ಹಿಂದಿನ ಸ್ಟೋರ್ ರೂಮನ್ನು ರಾಯರಿಂದ ಕೇಳಿ ಪಡೆದು, ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಡೆದು, ಹಾಡಹಗಲಲ್ಲಿ ಕತ್ತಲೆ ಮಾಡಿಕೊಂಡರು. ಒಳಗೆ ಒಂದು ಪುಟ್ಟ ದೀಪ. ಗುಂಡಿ ಒತ್ತಿದರೆ ಅದು ಮಿನುಗುವುದು ಕಣ್ಣಿಗೇ ಕಾಣದಷ್ಟು ಸಣ್ಣದಾಗಿ. ದೀಪದ ಮುಂದೆ ಒಂದು ಹರಳು. ಆ ಹರಳನ್ನು ಪೇಪರಿನ ಮೇಲಿಟ್ಟರೆ ಒಂದೊಂದು ಅಕ್ಷರವೂ ಎರಡೆರಡಾಗಿ ಕಾಣುತ್ತಿತ್ತು. ಹರಳಿನ ಆಚೆ ಎಡಕ್ಕೊಂದು, ಬಲಕ್ಕೊಂದು ಗಾಜಿನ ಕೊಳವೆ. ದೀಪದಿಂದ ಬಂದ ಬೆಳಕಿನ ಕಾಳು (ಮೇಷ್ಟ್ರು ಅದಕ್ಕೆ ಫೋಟಾನ್ ಎನ್ನುತ್ತಿದ್ದರು) ಹರಳಿನೊಳಗೆ ಹೋಗಿ ಎಡಕ್ಕೆ ಬಂದರೆ ಎಡದ ಕೊಳವೆ ಟಕ್ ಎನ್ನುತ್ತಿತ್ತು, ಬಲಕ್ಕೆ ಬಂದರೆ ಬಲದ್ದು.

ಇದರಲ್ಲಿ ಏನಿದೆ ಎಂದು ಕೇಳಿದೆ. ಮೇಷ್ಟ್ರು ನನಗೆ ತಿಳಿಯುವ ಹಾಗೆ ಹೇಳಿದರು. ಈ ಕಾಳು ಯಾವ ಕಡೆ ವಾಲಿದೆ ಎಂದು ನೇರವಾಗಿ ನೋಡಲು ಆಗುವುದಿಲ್ಲ. ಒಂದು ಪ್ರಶ್ನೆ ಕೇಳಬಹುದು, ಅದು ಎರಡರಲ್ಲಿ ಒಂದು ಉತ್ತರ ಕೊಡುತ್ತದೆ. ಉತ್ತರ ಕೊಟ್ಟ ಮೇಲೆ ಅದು ಮೊದಲಿನ ಹಾಗೆ ಇರುವುದಿಲ್ಲ, ಕೊಟ್ಟ ಉತ್ತರದ ಹಾಗೇ ಆಗಿಬಿಡುತ್ತದೆ. ಅದಕ್ಕೇ ಒಂದು ಕಾಳಿಗೆ ಒಂದೇ ಪ್ರಶ್ನೆ.

ಇದು ನನಗೆ ತಟ್ಟನೆ ಅರ್ಥವಾಯಿತು. ನನ್ನನ್ನು ನೋಡಲು ಬಂದ ದಿನ ಗಂಡಿನ ಕಡೆಯ ಮುದುಕರೊಬ್ಬರು ಹುಡುಗಿಗೆ ಓದು ಬರುತ್ತಾ ಎಂದು ಕೇಳಿದರು. ಬರುತ್ತೆ ಎಂದರೆ ಜಂಬ ಎಂದಾರು ಎಂದು ಇಲ್ಲ ಎಂದೆ. ಅಂದ ಮೇಲೆ ಮುಗಿಯಿತು. ಹದಿನೈದು ವರ್ಷ ಆ ಮನೆಯಲ್ಲಿ ಓದು ಬಾರದವಳಾಗಿಯೇ ಇದ್ದೆ. ಬಂದ ಕಾಗದವನ್ನು ಬೇರೆಯವರ ಕೈಲಿ ಓದಿಸಿದೆ. ಕೊನೆಗೆ ನಿಜವಾಗಿಯೂ ಅಕ್ಷರ ಮರೆತೆ. ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ. ಮಾರನೇ ದಿನ ಒಂದು ನೋಟ್‌ಬುಕ್ಕು ತಂದು ನನ್ನ ಕೈಗೆ ಕೊಟ್ಟು, ಉತ್ತರಗಳನ್ನೆಲ್ಲ ನೀವೇ ಬರೆಯಬೇಕು ಎಂದರು. ಎಡಕ್ಕೆ ಎ, ಬಲಕ್ಕೆ ಬ. ಎರಡು ಅಕ್ಷರ, ಮೂರು ಅಂಕಿ. ನನ್ನ ಓದು ಬರಹ ಮತ್ತೆ ಶುರುವಾದದ್ದು ಹಾಗೆ.

ಮೂರು ಅಂಕಿ ಏಕೆ ಎಂದರೆ ಪ್ರಶ್ನೆಗಳು ಮೂರು. ಹರಳನ್ನು ಮೂರು ಗುರುತಿಗೆ ತಿರುಗಿಸಬಹುದಿತ್ತು, ಒಂದೊಂದು ಗುರುತೂ ಒಂದೊಂದು ಪ್ರಶ್ನೆ. ಮೂರು ಪ್ರಶ್ನೆಗೆ ಎರಡೆರಡು ಉತ್ತರ, ಒಟ್ಟು ಆರು ಮನೆ. ಯಾವ ಮನೆಗೆ ಎಷ್ಟು ಬಿತ್ತು ಎಂದು ನೋಡಿ ಕಾಳುಗಳು ಯಾವ ಕಡೆ ವಾಲಿವೆ ಎಂದು ಲೆಕ್ಕ ಹಾಕುವುದು ಮೇಷ್ಟ್ರ ಕೆಲಸ. ಯಾವ ಕಾಳಿಗೆ ಯಾವ ಪ್ರಶ್ನೆ ಎಂಬುದನ್ನು ಮಾತ್ರ ನಾವು ಆರಿಸುವಂತಿಲ್ಲ, ಚೀಟಿ ಎತ್ತಬೇಕು. ಸರದಿ ಪ್ರಕಾರ ಒಂದು, ಎರಡು, ಮೂರು ಎಂದು ಹೋದರೆ ಆಗದೇ ಎಂದೆ. ಆಗದು ಎಂದರು. ತುಮಕೂರಿನ ಕರೆಂಟು ಏರುತ್ತೆ, ಇಳಿಯುತ್ತೆ, ದೀಪಕ್ಕೂ ಅದರದೇ ಒಂದು ಸರದಿ ಇರುತ್ತೆ, ನಮ್ಮ ಸರದಿಯೂ ಅದರ ಸರದಿಯೂ ಕೈ ಕೈ ಹಿಡಿದುಕೊಂಡರೆ ಲೆಕ್ಕ ಕೆಡುತ್ತೆ. ಅಷ್ಟೇ ಅಲ್ಲ, ಚೀಟಿ ಎತ್ತುವುದು, ಪ್ರಶ್ನೆ ಕೇಳುವುದು, ಎರಡನ್ನೂ ಸೇರಿಸಿ ಒಂದೇ ಅಳತೆ ಎಂದು ತೋರಿಸುವುದೇ ನನ್ನ ಪಿಎಚ್.ಡಿ. ಎಂದರು. ಹೂಂ ಎಂದೆ. ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೇಷ್ಟ್ರಿಗೆ ಕ್ಲಾಸಿರುವ ಹೊತ್ತಿನಲ್ಲಿ ದಿನಕ್ಕೆ ಎರಡು ಗಂಟೆ ನಾನೊಬ್ಬಳೇ ಆ ಕತ್ತಲಲ್ಲಿ ಕೂರುತ್ತಿದ್ದೆ. ಬಿಸ್ಕತ್ತಿನ ಡಬ್ಬದಲ್ಲಿ ಮೂರು ಚೀಟಿ, ಓದಲು ಬರೆಯಲು ಒಂದು ಮಂಕು ಟಾರ್ಚು. ಅಲ್ಲಾಡಿಸು, ಎತ್ತು, ಹರಳು ತಿರುಗಿಸು, ಗುಂಡಿ ಒತ್ತು. ಟಕ್ ಎನ್ನದಿದ್ದರೆ ಮತ್ತೆ ಒತ್ತು. ಬರೆದುಕೋ, ಚೀಟಿ ವಾಪಸ್ ಹಾಕು. ಪುಟಕ್ಕೆ ಮೂವತ್ತು ಸಾಲು.

ಎರಡನೇ ದಿನವೇ ನನಗೆ ಸಂಕಟ ಶುರುವಾಯಿತು. ಎರಡನೇ ನಂಬರು ನಾಲ್ಕು ಸಲ ಒಂದೇ ಸಮ ಬಂತು. ಮೂರನೇ ನಂಬರಿಗೆ ಬೆಳಗಿನಿಂದ ಒಂದೂ ಇಲ್ಲ. ಅದು ಎಲೆ ಹಾಕಿಕೊಂಡು ಕೂತ ಹಾಗೆ ಕಂಡಿತು ನನಗೆ. ಐದನೇ ಸಲವೂ ಎರಡೇ ಬಂದಾಗ ಆ ಚೀಟಿಯನ್ನು ಒಳಗೆ ಹಾಕಿ ಇನ್ನೊಂದು ಎತ್ತಿದೆ. ಆಮೇಲೆ ಅದೇ ರೂಢಿಯಾಯಿತು. ಒಂದೇ ನಂಬರು ಒಂದೇ ಸಮ ಮೂರನೇ ಸಲ ಬಂದರೆ ವಾಪಸ್ ಹಾಕುವುದು. ಪುಟ ಮುಗಿಯುವ ಹೊತ್ತಿಗೆ ಯಾರಿಗೆ ಕಡಿಮೆಯಾಗಿದೆ ನೋಡಿ ಅವರಿಗೆ ಬರುವ ತನಕ ಎತ್ತುವುದು. ಪುಟಪುಟಕ್ಕೂ ಹತ್ತು, ಹತ್ತು, ಹತ್ತು. ಯಾರಿಗೂ ಮೋಸವಿಲ್ಲ. ಎಡ ಬಲದ ಉತ್ತರವನ್ನು ಮಾತ್ರ ನಾನು ಒಂದು ಅಕ್ಷರವೂ ಬದಲಾಯಿಸಲಿಲ್ಲ. ಅದು ಕಾಳಿನ ಮಾತು, ನನಗೇನು ಅಧಿಕಾರ? ಬಡಿಸುವ ಕೈ ಮಾತ್ರ ನನ್ನದು ಎಂದುಕೊಂಡಿದ್ದೆ. ನಾಲ್ಕು ತಿಂಗಳು ಹೀಗೆ ನಡೆಯಿತು. ಮೇಷ್ಟ್ರು ವಾರಕ್ಕೊಮ್ಮೆ ನನ್ನ ಪುಸ್ತಕ ನೋಡಿ ಇಂಗ್ಲಿಷಿನಲ್ಲಿ ಶುದ್ಧಪ್ರತಿ ಮಾಡುತ್ತಿದ್ದರು. ಮೊತ್ತಗಳು ಸಮವಾಗಿ ಬರುವುದು ನೋಡಿ ಅವರಿಗೂ ಖುಷಿ. ಅವರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಓದಿದವರಿಗೂ ತಮಗೆ ಬೇಕಾದ್ದು ಬಂದಾಗ ಕಣ್ಣು ಮಂಕಾಗುತ್ತದೆ.

ಬೆಂಗಳೂರಿನಿಂದ ಅವರ ಪಿಎಚ್.ಡಿ. ಗೈಡು ಬಂದರು. ಬಿಳಿ ಪ್ಯಾಂಟು, ಮಾತು ಕಡಿಮೆ. ರಾಯರ ರೂಮಿನಲ್ಲಿ ಕೂತು ಶುದ್ಧಪ್ರತಿಯ ಪುಟ ತಿರುಗಿಸಿದರು. ನಾನು ಕಾಫಿ ತಂದಾಗ ರೂಮು ಬಿಗಿದುಕೊಂಡಿತ್ತು. ರಾಯರು ಗೋಡೆ ನೋಡುತ್ತಿದ್ದರು. ಮೇಷ್ಟ್ರು ನಿಂತಿದ್ದರು, ಕೂತಿರಲಿಲ್ಲ. ಗೈಡು ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳುತ್ತಿದ್ದರು. ನನಗೆ ಸಿಕ್ಕಿದ್ದು ಒಂದೇ ಪದ, ಅದನ್ನು ಎರಡು ಸಲ ಅಂದರು. ಚೀಟಿಂಗ್.

ಟೈಪ್ ಮಾಡುವುದಕ್ಕೆ ಟೈಪಿಂಗ್ ಎನ್ನುತ್ತಾರೆ, ಬಟ್ಟೆ ಕತ್ತರಿಸುವುದಕ್ಕೆ ಕಟಿಂಗ್ ಎನ್ನುತ್ತಾರೆ. ಚೀಟಿ ಎತ್ತುವುದಕ್ಕೆ ಚೀಟಿಂಗ್ ಎನ್ನುತ್ತಾರೆ ಎಂದುಕೊಂಡೆ. ಮೇಷ್ಟ್ರು ಬಾಯಿ ಬಿಡದೆ ನಿಂತದ್ದು ನೋಡಿ, ಕೆಲಸ ಸರಿಯಾಗಿ ನಡೆದಿಲ್ಲ ಎಂದು ಬೈಯುತ್ತಿದ್ದಾರೇನೋ ಎನಿಸಿತು.

“ಚೀಟಿಂಗ್ ಎಲ್ಲಾ ನಾನೇ ಮಾಡಿದ್ದು ಸಾ. ಮೇಷ್ಟ್ರು ಕೈ ಹಾಕೇ ಇಲ್ಲ, ಅವ್ರಿಗೆ ಕ್ಲಾಸಿರ್ತಿತ್ತು” ಎಂದೆ.

ಮೂರೂ ಜನ ನನ್ನ ಕಡೆ ತಿರುಗಿದರು. ಮೇಷ್ಟ್ರು ನನ್ನನ್ನು ಹೊರಗೆ ಹೋಗಿ ಎಂದರು. ಅವರ ಮುಖ ಸುಣ್ಣದ ಹಾಗಾಗಿತ್ತು. ಗೈಡು ಕೈ ಎತ್ತಿ ತಡೆದರು. ಕನ್ನಡದಲ್ಲೇ ಕೇಳಿದರು.

“ಎಷ್ಟು ದಿನ ಮಾಡಿದ್ರಮ್ಮ?”

“ನಾಕು ತಿಂಗ್ಳು ಸಾ. ದಿನಾ ಎರಡು ಗಂಟೆ. ಒಂದಿನಾನೂ ತಪ್ಪಿಸಿಲ್ಲ.”

“ಹೇಗೆ ಮಾಡಿದ್ರಿ, ತೋರಿಸಿ.”

ಡಬ್ಬ ತಂದೆ, ನನ್ನ ನೋಟ್‌ಬುಕ್ಕೂ ತಂದೆ. ಟೇಬಲ್ಲಿನ ಮೇಲೆ ಚೀಟಿ ಎತ್ತಿ ತೋರಿಸಿದೆ. ಒಂದು ಬಂತು, ಮೂರು ಬಂತು, ಮತ್ತೆ ಮೂರು, ಮತ್ತೆ ಮೂರು. ನನ್ನ ಕೈ ತಾನಾಗಿಯೇ ಆ ಚೀಟಿಯನ್ನು ಒಳಗೆ ಹಾಕಿತು. ಯಾಕೆ ಹಾಕಿದಿರಿ ಎಂದರು. ಪಂಕ್ತಿಭೇದ ಆಗಲ್ವಾ ಸಾ ಎಂದೆ.

ಮೇಷ್ಟ್ರು ಮೊದಲ ಸಲ ಕುರ್ಚಿ ಎಳೆದು ಕೂತರು. ಗೈಡು ನನ್ನ ಪುಸ್ತಕವನ್ನು ಮೊದಲಿನಿಂದ ತಿರುಗಿಸಿ ನೋಡಿದರು. ಹುಣಸೆ ಕಲೆ, ಒರೆಸಿದ ಗುರುತು, ನನ್ನ ಸೊಟ್ಟ ಎ, ಬ. ಆಮೇಲೆ ನಿಧಾನವಾಗಿ ವಿವರಿಸಿದರು. ಚೀಟಿ ಎಂಬುದು ಹೀಗೆ ಸಮಸಮವಾಗಿ ಬೀಳುವುದೇ ಇಲ್ಲವಂತೆ. ಪ್ರತಿ ಪುಟದಲ್ಲೂ ಹತ್ತು ಹತ್ತು ಬಂದದ್ದು ನೋಡಿ, ಇದು ಲ್ಯಾಬಿನಲ್ಲಿ ಮಾಡಿದ್ದಲ್ಲ, ಮನೆಯಲ್ಲಿ ಕೂತು ಬರೆದದ್ದು ಎಂದು ಅವರಿಗೆ ಅನಿಸಿತಂತೆ. ಚೀಟಿಂಗ್ ಎಂದರೆ ಮೋಸ ಎಂದೂ ಹೇಳಿದರು.

ಆಗ ನನಗೆ ತಿಳಿಯಿತು. ನಾಲ್ಕು ತಿಂಗಳು ನಾನು ಯಾರಿಗೂ ಮೋಸವಾಗಬಾರದು ಎಂದು ಮಾಡಿದ್ದು ಮೇಷ್ಟ್ರನ್ನೇ ಮೋಸಗಾರರನ್ನಾಗಿ ಮಾಡಿ ನಿಲ್ಲಿಸಿತ್ತು. ಅವರು ಅಟೆಂಡರ್ ಮಾಡಿದ್ದು ಎಂದು ಒಂದು ಮಾತು ಅಂದಿದ್ದರೆ ಸಾಕಾಗಿತ್ತು. ಅಂದಿರಲಿಲ್ಲ. ಪುಸ್ತಕ ನನ್ನ ಹೊಣೆ ಎಂದಷ್ಟೇ ಹೇಳಿದ್ದರಂತೆ. ರಾಯರ ಕಡೆ ನೋಡಿದೆ. ಗುಬ್ಬಿ ಬಸ್ಸು ಈಗ ನಿಜಕ್ಕೂ ಬಂತು ಎಂದುಕೊಂಡೆ.

“ಮೋಸ ಅಂತ ಬರ್ಕಳದಾದ್ರೆ ನನ್ ಹೆಸ್ರು ಬರ್ಕಳಿ ಸಾ. ಅವ್ರ್ದು ಬ್ಯಾಡ. ನನ್ನ ಇವತ್ತೇ ಕಳ್ಸಿ, ಹೋಯ್ತೀನಿ” ಎಂದೆ.

ಗೈಡು ಪುಸ್ತಕ ಮುಚ್ಚಿದರು. “ಮೋಸ ಅಲ್ಲಮ್ಮ ಇದು. ಚೀಟಿ ಎತ್ತೋ ಕೈನೂ ಅಳತೆ ಒಳಗೇ ಸೇರಿರುತ್ತೆ. ಕೈಗೊಂದು ಆಸೆ ಇದ್ರೆ ಅದು ಬೇರೆ ಅಳತೆ ಆಗೋಗುತ್ತೆ, ಅಷ್ಟೆ.”

ಮೇಷ್ಟ್ರು ಮೊದಲೇ ಹೇಳಿ, ನನ್ನ ತಲೆಗೆ ಹೋಗದಿದ್ದ ಮಾತು ಅದೇ. ಅವತ್ತು ಹೋಯಿತು. ನೀವು ಲ್ಯಾಬಿನಲ್ಲಿ ಏನೇ ಮರೆತರೂ ಇದನ್ನು ಮರೆಯಬೇಡಿ.

ಆದರೆ ಗೈಡು ಪಿಎಚ್.ಡಿ. ಕಾಗದಕ್ಕೆ ಸಹಿ ಹಾಕಲಿಲ್ಲ. ಎಲ್ಲವನ್ನೂ ಮೊದಲಿನಿಂದ ಮಾಡಿ, ಮುಂದಿನ ಸಲ ಶುದ್ಧಪ್ರತಿ ಬೇಡ, ಕತ್ತಲಲ್ಲಿ ಬರೆದ ಪುಸ್ತಕವನ್ನೇ ತೋರಿಸಿ, ಅದೂ ಹೀಗೇ ಇದ್ದರೆ ನನ್ನ ಕೈಲಾಗದು ಎಂದು ಹೇಳಿ ಹೋದರು. ರಾಯರು ನನ್ನನ್ನು ಲೈಬ್ರರಿಗೆ ಹಾಕಿ ಬೇರೆ ಯಾರನ್ನಾದರೂ ಕೂರಿಸಿ ಎಂದರು. ಮೇಷ್ಟ್ರು ಒಪ್ಪಲಿಲ್ಲ. ತನ್ನಲ್ಲಿ ಏನು ಆಸೆ ಇದೆ ಎಂದು ಗೊತ್ತಿರುವ ಕೈ ಇದೊಂದೇ, ಬೇರೆ ಕೈಯಲ್ಲಿ ಏನಿದೆ ಎಂದು ನಾನು ಎಲ್ಲಿ ಹುಡುಕಲಿ ಎಂದರು. ರಾಯರು, ಹಾಗಾದರೆ ಗುಬ್ಬಿ ಬಸ್ಸು ಇನ್ನೊಂದು ಮೂರು ತಿಂಗಳು ನಿಲ್ಲಲಿ ಎಂದರು. ಅದು ತಮಾಷೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಕೆಲಸದ ರೀತಿ ಬದಲಾಯಿತು. ಚೀಟಿಯ ಮಡಿಕೆಯನ್ನು ಬೆರಳು ಗುರುತು ಹಿಡಿಯುತ್ತದೆ ಎಂದು ಮೇಷ್ಟ್ರು ಕುಣಿಗಲ್ ಸಂತೆಯಿಂದ ಒಂದೇ ಅಳತೆಯ ಮೂರು ಗಾಜಿನ ಮಣಿ ತಂದರು, ಕೆಂಪು, ಹಸಿರು, ಬಿಳಿ. ಎತ್ತಿದ ಮಣಿಯನ್ನು ಮೊದಲು ತಟ್ಟೆಯಲ್ಲಿಟ್ಟು, ಪುಸ್ತಕದಲ್ಲಿ ಬರೆದು, ಆಮೇಲೆ ಹರಳು ಮುಟ್ಟಬೇಕು. ಬರೆದ ಮೇಲೆ ಅದನ್ನು ಬದಲಿಸುವಂತಿಲ್ಲ. ಹಿಂದಿನ ಪುಟ ತಿರುಗಿಸಿ ನೋಡುವಂತಿಲ್ಲ.

ಹೇಳುವುದಕ್ಕೆ ಸುಲಭ. ಕನ್ನಡಿ ತಿಕ್ಕುವುದನ್ನು ಬಿಡಲು ನನಗೆ ಒಂದು ದಿನ ಸಾಕಾಯಿತು, ಇದನ್ನು ಬಿಡಲು ತಿಂಗಳೇ ಹಿಡಿಯಿತು. ಒಂದು ಪುಟದಲ್ಲಿ ಬಿಳಿ ಮಣಿ ಬಂದದ್ದು ಮೂವತ್ತರಲ್ಲಿ ನಾಲ್ಕೇ ಸಲ. ಊಟದ ಹೊತ್ತಿಗೆ ಮೇಷ್ಟ್ರ ಹತ್ತಿರ ಹೋಗಿ, ಬಿಳಿದು ಬರ್ತಾನೇ ಇಲ್ಲ ಎಂದೆ.

“ಬರದಿದ್ರೆ ಬ್ಯಾಡ ಬುಡಿ. ಅದೇನ್ ಕೇಳ್ತಾ ಇಲ್ಲ, ಗಂಗಮ್ಮ. ಅದಕ್ಕೆ ಹಸಿವಿಲ್ಲ.”

“ಆ ಮುದ್ಕೀನೂ ಕೇಳ್ಳಿಲ್ಲ ಮೇಷ್ಟ್ರೇ” ಎಂದುಬಿಟ್ಟೆ.

ಯಾವ ಮುದುಕಿ ಎಂದರು. ಅಲ್ಲಿಯ ತನಕ ಯಾರಿಗೂ ಹೇಳದಿದ್ದುದನ್ನು ಹೇಳಿದೆ. ಅವರು ತಮ್ಮ ಊಟದ ಡಬ್ಬ ಮುಚ್ಚಿಟ್ಟು ಕೇಳಿದರು. ಮಾರನೇ ದಿನ ಕುಣಿಗಲ್ಲಿನಿಂದ ಒಂದು ಅಂತಸ್ತು ಹೆಚ್ಚಿರುವ ಕ್ಯಾರಿಯರ್ ಬಂತು. ಅವರ ತಾಯಿ ಮಾಡಿದ ಅವರೆಕಾಳಿನ ಸಾರು. ಮೇಷ್ಟ್ರು ತಮಗೆ ಹಾಕಿಕೊಳ್ಳುವ ಮೊದಲು ನನ್ನ ಅನ್ನಕ್ಕೆ ಸುರಿದರು. ಆ ಮೂರು ತಿಂಗಳೂ ಅದೇ ಕ್ಯಾರಿಯರ್ ಬಂತು. ನಾವಿಬ್ಬರೂ ಆ ವಿಷಯ ಮತ್ತೆ ಎತ್ತಲಿಲ್ಲ. ನನ್ನ ಕೈ ಮಾತ್ರ ಅಲ್ಲಿಂದ ಸ್ವಲ್ಪ ತಣ್ಣಗಾಯಿತು.

ಗೈಡು ಮತ್ತೆ ಬಂದಾಗ ನಾನು ಕಾಫಿ ತರಲಿಲ್ಲ, ಬಾಗಿಲ ಹತ್ತಿರ ನಿಂತೆ. ಅವರು ಬೆರಳಿಟ್ಟು ಒಂದೊಂದು ಪುಟ ಎಣಿಸಿದರು. ಒಂದರಲ್ಲಿ ಕೆಂಪು ಹದಿನೈದು, ಇನ್ನೊಂದರಲ್ಲಿ ಏಳು. ಬಿಳಿ ನಾಲ್ಕೇ ಬಂದ ಪುಟಕ್ಕೆ ಬಂದಾಗ ಬೆರಳು ನಿಂತಿತು. ನನ್ನ ಜೀವವೂ ನಿಂತಿತು. ಅವರು ಕನ್ನಡಕ ತೆಗೆದು ನಕ್ಕರು. “ಇದನ್ನ ಯಾರೂ ಮನೇಲಿ ಕೂತು ಬರೆಯಲ್ಲ” ಎಂದು ರಾಯರಿಗೆ ಹೇಳಿ ಪೆನ್ನು ಕೇಳಿದರು. ನನ್ನ ಹಳೆಯ ಪುಸ್ತಕವನ್ನೂ ಎಸೆಯಬೇಡಿ ಎಂದರು. ಆರಿಸುವ ಕೈ ಬದಲಾದರೆ ಅಳತೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದಂತೆ. ಹಾಗೆ ನನ್ನ ತಪ್ಪು ಮೇಷ್ಟ್ರ ಪಿಎಚ್.ಡಿ. ಪುಸ್ತಕದಲ್ಲಿ ಒಂದು ಅಧ್ಯಾಯವಾಯಿತು. ಇಂಗ್ಲಿಷಿನಲ್ಲಿದೆ, ನಾನು ಓದಿಲ್ಲ.

ನಾನು ಕೆಲಸ ಬಿಡುವ ವರ್ಷ ಕತ್ತಲ ಕೋಣೆಗೆ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು. ಮಣಿ ಬೇಡ, ಕೈ ಬೇಡ. ಅದೇ ಆರಿಸುತ್ತೆ, ಅದೇ ಹರಳು ತಿರುಗಿಸುತ್ತೆ, ಅದೇ ಬರೆದುಕೊಳ್ಳುತ್ತೆ. ಆರಿಸಿದ್ದು ಯಾವುದು ಎಂದು ತಿಳಿಯಲು ಕೆಂಪು, ಹಸಿರು, ಬಿಳಿ ಮೂರು ಚಿಕ್ಕ ದೀಪ. ಆ ಬಣ್ಣಗಳನ್ನು ಮೇಷ್ಟ್ರು ಕೇಳಿ ಹಾಕಿಸಿದ್ದರು. ನನ್ನ ಕೊನೆಯ ದಿನ ಹಾರ, ಭಾಷಣ ಎಲ್ಲ ಮುಗಿದ ಮೇಲೆ ಕೀ ಕೊಡಲು ಅಲ್ಲಿಗೆ ಹೋದೆ. ಮೇಷ್ಟ್ರು ಪೆಟ್ಟಿಗೆ ಓಡಿಸುತ್ತಿದ್ದರು. ನನ್ನ ಹಳೆಯ ಸ್ಟೂಲಿನ ಮೇಲೆ ಕೂತೆ.

ಕೆಂಪು. ಹಸಿರು. ಹಸಿರು. ಕೆಂಪು. ಎಣಿಸುವುದು ಬೇಡ ಎಂದರೂ ಎಣಿಸಿದೆ. ಹನ್ನೊಂದು ಸಲವಾದರೂ ಬಿಳಿ ಇಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

“ಏನ್ ಮಾಡ್ತಿದೀರಿ ಗಂಗಮ್ಮ?” ಎಂದರು ಮೇಷ್ಟ್ರು ಕತ್ತಲಲ್ಲಿ.

“ಸುಮ್ನೆ ಕೂತಿದೀನಿ.”

“ಕಷ್ಟ ಆಯ್ತಿದೆಯಾ?”

“ಹೂಂ.”

ಅವರೂ ಇನ್ನೊಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಪೆಟ್ಟಿಗೆಯ ಸ್ವಿಚ್ಚು ಅವರ ಕೈಗೆಟುಕುವ ಹಾಗಿತ್ತು, ಮುಟ್ಟಲಿಲ್ಲ. ಬಿಳಿ ದೀಪ ಹತ್ತುವ ತನಕ ಇಬ್ಬರೂ ಕಾದೆವು.